ಖಾಲಿ ಕುರ್ಚಿ, ತುಂಬಿದ ಕುರ್ಚಿ

ಆರಿಸಿ ಕಳಿಸಿದವರನ್ನು ಅವಧಿ ಮುಗಿಯುವ ಮೊದಲೇ ವಾಪಸ್ ಕರೆಸಿಕೊಳ್ಳುವ ಹಕ್ಕು ಜನರಿಗೆ ಬೇಕು ಎಂಬ ಮಾತು ನಮ್ಮೂರಿನಲ್ಲಿ, ನಲ್ಲಿಗಳು ಬತ್ತುವ ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತದೆ. ಆ ಹಕ್ಕು ನಮ್ಮ ದೇಶದ ಸಣ್ಣ ಪಟ್ಟಣಗಳಲ್ಲೇ ಬಳಕೆಯಾಗಿದೆ ಎಂಬುದು ಹಾಗೆ ಮಾತಾಡುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈಚಿನವರೆಗೆ ನನಗೂ ಗೊತ್ತಿರಲಿಲ್ಲ.

ಮಧ್ಯಪ್ರದೇಶದಲ್ಲಿ ದಿಗ್ವಿಜಯ್ ಸಿಂಗ್ ಅವರ ಸರ್ಕಾರವಿದ್ದಾಗ, ಜನರಿಂದ ನೇರವಾಗಿ ಆಯ್ಕೆಯಾಗುತ್ತಿದ್ದ ಪುರಸಭಾ ಅಧ್ಯಕ್ಷರನ್ನು ಜನರ ಮತದಿಂದಲೇ ಕೆಳಗಿಳಿಸುವ ಅವಕಾಶವನ್ನು ಅಲ್ಲಿನ 1961ರ ಪುರಸಭಾ ಕಾಯ್ದೆಗೆ ಸೇರಿಸಲಾಯಿತು. 2001ರಲ್ಲಿ ಅನೂಪ್‌ಪುರದ ಅಧ್ಯಕ್ಷೆ ಪಲ್ಲವಿಕಾ ಪಟೇಲ್ ಹೀಗೆ ಅಧಿಕಾರ ಕಳೆದುಕೊಂಡರು. 2008ರಲ್ಲಿ, ಮಧ್ಯಪ್ರದೇಶದಿಂದ ಬೇರ್ಪಟ್ಟ ಛತ್ತೀಸ್‌ಗಢದ ನವಾಗಢ, ಗುಂಡರ್‌ದೇಹಿ, ರಾಜಪುರಗಳ ಅಧ್ಯಕ್ಷರಿಗೂ ಅದೇ ಗತಿಯಾಯಿತು. ಮಧ್ಯಪ್ರದೇಶದ ಈ ಚುನಾವಣೆಗಳಲ್ಲಿ ಅಭ್ಯರ್ಥಿಗಳ ಹೆಸರಿಲ್ಲ, ಪಕ್ಷದ ಗುರುತಿಲ್ಲ. ಇರುವುದು ಖಾಲಿ ಕುರ್ಚಿ ಮತ್ತು ತುಂಬಿದ ಕುರ್ಚಿ ಎಂಬ ಎರಡೇ ಚಿಹ್ನೆ. ಅಧ್ಯಕ್ಷರು ಹೋಗಲಿ ಎನ್ನುವವರು ಖಾಲಿ ಕುರ್ಚಿಗೆ, ಇರಲಿ ಎನ್ನುವವರು ತುಂಬಿದ ಕುರ್ಚಿಗೆ ಮತ ಹಾಕುತ್ತಾರೆ. ಚುನಾವಣಾ ಚಿಹ್ನೆಗಳ ಇತಿಹಾಸದಲ್ಲಿ ಇಷ್ಟು ನೇರವಾದುದು ಬೇರೊಂದಿರಲಾರದು.

ಆದರೆ ಈ ವಿಧಾನದ ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂದು ನೋಡಿದಾಗ ನನ್ನ ಉತ್ಸಾಹ ಅರ್ಧಕ್ಕಿಳಿಯಿತು. ಪ್ರಕ್ರಿಯೆ ಆರಂಭವಾಗಬೇಕಾದರೆ ಪುರಸಭೆಯ ಚುನಾಯಿತ ಸದಸ್ಯರಲ್ಲಿ ನಾಲ್ಕನೇ ಮೂರರಷ್ಟು ಮಂದಿ ಸಹಿ ಹಾಕಿ ಜಿಲ್ಲಾ ಕಲೆಕ್ಟರರಿಗೆ ಪ್ರಸ್ತಾವ ಕೊಡಬೇಕು. ಅಧ್ಯಕ್ಷರು ಅಧಿಕಾರ ವಹಿಸಿಕೊಂಡು ಎರಡು ವರ್ಷ ಕಳೆದಿರಬೇಕು, ಒಂದು ಅವಧಿಯಲ್ಲಿ ಒಂದೇ ಸಲ ಇದನ್ನು ಮಾಡಬಹುದು ಎಂದು ಮೊದಲಿಗೆ ಹಾಕಿದ್ದ ನಿಬಂಧನೆಗಳು ನ್ಯಾಯವಾಗಿಯೇ ಇದ್ದವು. ಆದರೆ ಕಸದ ಗಾಡಿ ಬಾರದ ಬೀದಿಯ ಮತದಾರರು ಸಾವಿರ ಸಹಿ ಸಂಗ್ರಹಿಸಿದರೂ, ಸದಸ್ಯರು ಒಪ್ಪದಿದ್ದರೆ ಅದಕ್ಕೆ ಕಾನೂನಿನ ಬೆಲೆಯಿಲ್ಲ. ವಿಚಿತ್ರವೆಂದರೆ ಅದೇ ರಾಜ್ಯದ ಪಂಚಾಯತ್ ಕಾಯ್ದೆಯ ಪ್ರಕಾರ ಹಳ್ಳಿಯ ಸರಪಂಚರ, ಅಂದರೆ ಗ್ರಾಮ ಪಂಚಾಯತ್ ಮುಖ್ಯಸ್ಥರ ವಿರುದ್ಧ ಗ್ರಾಮಸಭೆಯ ಮೂರನೇ ಒಂದರಷ್ಟು ಮಂದಿ ಸಹಿ ಹಾಕಿ ನೋಟಿಸು ಕೊಡಬಹುದು. ಹಳ್ಳಿಯವನಿಗಿರುವ ವಿವೇಕ ಅವನು ಪಟ್ಟಣಕ್ಕೆ ಬಂದು ಮನೆ ಕಟ್ಟಿದೊಡನೆ ಎಲ್ಲಿಗೆ ಹೋಗುತ್ತದೆ?

ಹಾಗಿದ್ದರೂ, ಸದಸ್ಯರು ತಂತ್ರ ಹೂಡಿದಾಗಲೂ ಕೊನೆಯ ಮಾತು ಜನರದ್ದಾಗಿರುತ್ತದೆ ಎಂಬುದನ್ನು ನಾನು ಕಡೆಗಣಿಸಲಾರೆ. 2012ರಲ್ಲಿ, ಇಂಥದೇ ಅವಕಾಶವಿದ್ದ ರಾಜಸ್ಥಾನದ ಮಾಂಗ್ರೋಲ್ ಪಟ್ಟಣದಲ್ಲಿ ಸದಸ್ಯರು ಅಧ್ಯಕ್ಷರನ್ನು ಇಳಿಸಲು ಹೊರಟಾಗ, ಮತದಾರರು ಅವರನ್ನು ಉಳಿಸಿಕೊಂಡರು. ವಾಪಸ್ ಕರೆಸಿಕೊಳ್ಳುವ ಹಕ್ಕು ಕೊಟ್ಟರೆ ಜನ ಆವೇಶಕ್ಕೆ ಬಿದ್ದು ಕಂಡಕಂಡವರನ್ನೆಲ್ಲ ಕಿತ್ತೆಸೆಯುತ್ತಾರೆ ಎಂದು ಹೆದರಿಸುವವರು ಈ ಒಂದು ಊರಿನ ಫಲಿತಾಂಶವನ್ನಾದರೂ ಗಮನಿಸಬೇಕು.

ನಮ್ಮ ರಾಜ್ಯದ ಪುರಸಭೆಗಳಲ್ಲಿ ಆ ಕೊನೆಯ ಮಾತೂ ನಮಗಿಲ್ಲ. ಅಧ್ಯಕ್ಷರನ್ನು ಆರಿಸುವವರೂ ಸದಸ್ಯರೇ, ಅವಿಶ್ವಾಸ ಗೊತ್ತುವಳಿಯಿಂದ ಇಳಿಸುವವರೂ ಸದಸ್ಯರೇ. ಮೂವತ್ತು ತಿಂಗಳ ಅವಧಿಯನ್ನು ಒಳಒಪ್ಪಂದ ಮಾಡಿಕೊಂಡು ಇಬ್ಬರ ನಡುವೆ ಹಂಚುವುದು, ಗೊತ್ತುವಳಿಯ ದಿನ ಹತ್ತಿರವಾದಂತೆ ಸದಸ್ಯರು ರೆಸಾರ್ಟ್ ಪ್ರವಾಸಕ್ಕೆ ಹೊರಡುವುದು, ಇವೆಲ್ಲ ನಮಗೆ ಸುದ್ದಿಯೂ ಅಲ್ಲದಷ್ಟು ಹಳತಾಗಿವೆ. 2018ರ ಆಗಸ್ಟ್‌ನಲ್ಲಿ ನಾವು ಮತ ಹಾಕಿದ ಸ್ಥಳೀಯ ಸಂಸ್ಥೆಗಳಲ್ಲಿ, ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ, ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಖಾಲಿ ಕುರ್ಚಿಯನ್ನು ನಾವು ಮತ ಹಾಕದೆಯೇ ಎರಡು ವರ್ಷ ನೋಡಿದ್ದೇವೆ.

ಆದ್ದರಿಂದ ಮಧ್ಯಪ್ರದೇಶದ ಕಾಯ್ದೆಯನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳಲಾರೆ. ಅದು ಅಧ್ಯಕ್ಷರನ್ನು ಮಾತ್ರ ಮುಟ್ಟುತ್ತದೆ. ಸಹಿ ಹಾಕುವ, ಹಾಕಿದ ಸಹಿಗೆ ಬೆಲೆ ಕಟ್ಟಿಸಿಕೊಳ್ಳಬಹುದಾದ ವಾರ್ಡಿನ ಸದಸ್ಯರನ್ನು ಮನೆಗೆ ಕಳಿಸುವ ಚೀಟಿ ಅಲ್ಲಿನ ಮತದಾರರಿಗೂ ಸಿಕ್ಕಿಲ್ಲ. ನಮ್ಮ ವಾರ್ಡಿನ ಚರಂಡಿಯ ಬಗ್ಗೆ ನಾನು ಕೇಳಬೇಕಾದದ್ದು ಸದಸ್ಯರನ್ನೇ ಹೊರತು ಅಧ್ಯಕ್ಷರನ್ನಲ್ಲ. ಒಂದು ವಾರ್ಡಿನ ಮೂರನೇ ಒಂದರಷ್ಟು ಮತದಾರರು ಸಹಿ ಹಾಕಿದರೆ ಆ ವಾರ್ಡಿನ ಸದಸ್ಯರ ಮೇಲೆಯೇ ಮತದಾನ ನಡೆಯುವಂತಾಗಬೇಕು. ಕುರ್ಚಿಯ ಚಿತ್ರಗಳನ್ನು ಬೇಕಾದರೆ ಅಲ್ಲಿಂದಲೇ ಎರವಲು ತರೋಣ.