ಹವಳಕ್ಕೆ ಹುಳಿ ಹಿಂಡಿದ ಕಥೆ

ನಾದಿನಿಯ ಮಗಳ ಮದುವೆಗೆ ಸರ ನಾನೇ ಪೋಣಿಸಿಕೊಡುತ್ತೇನೆ ಎಂದ ಬಾಯಿ ನನ್ನದೇ. ಯಾರನ್ನೂ ದೂರುವಂತಿಲ್ಲ. ಅಲ್ಲಿಯವರೆಗಿನ ನನ್ನ ಸಾಧನೆಯೆಂದರೆ ಎರಡು ಜೊತೆ ಟೆರಾಕೋಟಾ ಜುಮುಕಿ ಮತ್ತು ಗೌರಿಹಬ್ಬಕ್ಕೆ ಪೋಣಿಸಿದ ಒಂದು ಮುತ್ತಿನ ಸರ. ಆ ಸರ ಮಂಗಳಾರತಿಯ ಹೊತ್ತಿಗೇ ಕಿತ್ತುಹೋಗಿ, ಮುತ್ತುಗಳು ದೀಪಾವಳಿಯವರೆಗೂ ಸೋಫಾದ ಅಡಿಯಿಂದ ಒಂದೊಂದಾಗಿ ಸಿಗುತ್ತಿದ್ದವು. ಆದರೂ ಹುಡುಗಿ ನನ್ನನ್ನು ನಂಬಿದಳು. "ಅತ್ತೆ, ಧಾರೆ ಸೀರೆ ಕೆಂಪು. ಮಣಿಗಳೂ ಕೆಂಪಗಿದ್ದರೆ ಸಾಕು" ಎಂದಳು. ಸಾಕಂತೆ!

ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಮಣಿ ಅಂಗಡಿಗೆ ಹೋಗಿ "ಕೆಂಪು ಮಣಿ ಕೊಡಿ" ಎಂದೆ. "ಯಾವ ಕೆಂಪು ಮೇಡಂ?" ಎಂದು ಅಂಗಡಿಯವನು ಕೇಳಿದ. "ಕೆಂಪು ಕೆಂಪು" ಎಂದೆ. ಅವನು ನಿಟ್ಟುಸಿರು ಬಿಟ್ಟು ಗಾಜಿನ ಮೇಲೆ ಎಳೆ ಎಳೆಯಾಗಿ ಹರವತೊಡಗಿದ. ಹೆಂಚಿನ ಬಣ್ಣದ್ದು ಜಾಸ್ಪರ್. ಬೆಲ್ಲದ ಪಾಕದ ಬಣ್ಣದ್ದು ಕಾರ್ನೀಲಿಯನ್. ಇದನ್ನು ಗುಜರಾತಿನ ಖಂಭಾತದಲ್ಲಿ ಬಿಸಿಲಿಗೆ ಒಣಗಿಸಿ, ಬೆಂಕಿಯಲ್ಲಿ ಸುಟ್ಟು ಕೆಂಪಾಗಿಸುತ್ತಾರೆ. ಹರಪ್ಪದವರ ಕಾಲದಿಂದಲೂ ಇದೇ ವಿದ್ಯೆ. ಇನ್ನು ಮಾಣಿಕ್ಯ. ನಮ್ಮ ಮೈಸೂರು ಸೀಮೆಯಲ್ಲೂ ಮಾಣಿಕ್ಯ ಸಿಗುತ್ತದೆ, ಆದರೆ ಬಹುಪಾಲು ಬೆಳಕು ತೂರದ, ಬೀಟ್ರೂಟ್ ಪಲ್ಯದ ಬಣ್ಣದವು. ಬೆಳಕು ತೂರುವ ಮಾಣಿಕ್ಯದ ಬೆಲೆ ಕೇಳಿದ ಮೇಲೆ ಆ ಎಳೆಯನ್ನು ನಾನು ಎರಡೂ ಕೈಗಳಿಂದ, ಮಗುವನ್ನು ಮಲಗಿಸುವ ಹಾಗೆ, ಗಾಜಿನ ಮೇಲೆ ವಾಪಸಿಟ್ಟೆ.

ಕೊನೆಗೆ 'ರೆಡ್ ಓನಿಕ್ಸ್' ಎಂದು ಅವನು ಕರೆದ, ದಾಸವಾಳದ ಹೂವಿನಂತೆ ಕೆಂಪಾಗಿದ್ದ ಎರಡು ಎಳೆ ಕೊಂಡೆ. ಎಂಟು ಮಿಲಿಮೀಟರಿನ ಮಣಿ, ಹದಿನಾರು ಇಂಚಿನ ಎಳೆ, ಎಳೆಗೆ ಹೆಚ್ಚುಕಡಿಮೆ ಐವತ್ತು ಮಣಿ. ಚೀಲದಲ್ಲಿದ್ದ ಸೀರೆಯ ತುಂಡನ್ನು ಪಕ್ಕದಲ್ಲಿಟ್ಟು ನೋಡಿದರೆ ಅವಳಿ ಮಕ್ಕಳಂತೆ ಹೊಂದಿದ್ದವು. ಆದರೆ ಮಣಿ ಅಂಗಡಿಗಳ ದೀಪ ಮಣಿಯ ಪಕ್ಷಪಾತಿ. ಮನೆಯ ಟ್ಯೂಬ್‌ಲೈಟಿನಡಿ ಅದೇ ಮಣಿಗಳು ಸೀರೆಯ ದೂರದ ನೆಂಟರಂತೆ, ಅದೂ ಮಾತು ಬಿಟ್ಟ ನೆಂಟರಂತೆ ಕಂಡವು. ಒಂದಿಷ್ಟು ತೊಳೆದರೆ ಕಳೆ ಬಂದೀತು ಎಂದು ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿ ಅನ್ನಕ್ಕಿಟ್ಟು ಬಂದೆ.

"ಅಯ್ಯೋ, ಎಲ್ಲಿ ಕೊಯ್ದುಕೊಂಡೆ?" ಎಂದು ಇವರು ಬಚ್ಚಲಿನಿಂದ ಕೂಗಿದಾಗಲೇ ಗೊತ್ತಾದದ್ದು. ಬೋಗುಣಿಯ ತುಂಬ ರಕ್ತವರ್ಣ. ಇವರು ಅರಿಶಿನದ ಡಬ್ಬಿ ಹಿಡಿದು ನನ್ನ ಹತ್ತೂ ಬೆರಳುಗಳನ್ನು ತಿರುಗಿಸಿ ನೋಡಿದರು. ಗಾಯವಾಗಿದ್ದದ್ದು ಬೆರಳಿಗಲ್ಲ. ನೀರು ಚೆಲ್ಲಿದರೆ ತಳದಲ್ಲಿ ನೂರು ಮಣಿಗಳು ಸಿಪ್ಪೆ ಹೆರೆದ ಮೂಲಂಗಿಯಂತೆ ಬೆಳ್ಳಗೆ ಕುಳಿತಿದ್ದವು. "ಬೇಸರಪಡಬೇಡ. ಇಂಗ್ಲೆಂಡಿನ ರಾಜಕಿರೀಟದ ಮುಂಭಾಗದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಕೂಡ ರೂಬಿಯಲ್ಲ, ಸ್ಪಿನೆಲ್ ಎಂಬ ಬೇರೆ ಕಲ್ಲು" ಎಂದು ಇವರು ಸಮಾಧಾನ ಹೇಳಿದರು. ಇರಬಹುದು. ಆದರೆ ಅದು ನೀರಿಗೆ ಬಣ್ಣ ಬಿಟ್ಟಿಲ್ಲವಲ್ಲ.

ಎರಡನೆಯ ಸಲ ಹವಳ ತಂದೆ. ಈ ಬಾರಿ ಪರೀಕ್ಷೆ ಮಾಡದೆ ಪೋಣಿಸುವುದಿಲ್ಲ ಎಂಬ ಹಟ. ಹವಳ ಕಲ್ಲೇ ಅಲ್ಲ. ಸಮುದ್ರದ ಪುಟ್ಟ ಜೀವಿಗಳು ಕಟ್ಟಿದ ಸುಣ್ಣದ ಗೂಡು. ಸುಣ್ಣವಾದ್ದರಿಂದ ಹುಳಿ ಬಿದ್ದರೆ ನೊರೆ ಏಳಬೇಕು. ಒಂದು ಮಣಿಯ ಮೇಲೆ ನಿಂಬೆರಸ ಬಿಟ್ಟೆ. ಅದು ಶರಬತ್ತು ಕುಡಿದ ಅತಿಥಿಯಂತೆ ಸುಮ್ಮನೆ ಕುಳಿತಿತ್ತು. ಮಣಿಯ ತಪ್ಪೋ ನಿಂಬೆಯ ತಪ್ಪೋ? ಹೋಲಿಸಿ ನೋಡಲು ಇನ್ನೊಂದು ಹವಳ ಬೇಕಿತ್ತು. ಅದು ಅತ್ತೆಯ ಕಪಾಟಿನಲ್ಲಿತ್ತು.

ಆ ಹವಳದ ಸರದ ಇತಿಹಾಸ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1984ರಲ್ಲಿ ಮಾವ ಕಚೇರಿ ಕೆಲಸದ ಮೇಲೆ ಬೊಂಬಾಯಿಗೆ ಹೋದವರು ಸಂಬಳದ ಅರ್ಧ ಕೊಟ್ಟು ಅದನ್ನು ತಂದಿದ್ದರು. ಅತ್ತೆಯ ಅಣ್ಣ ಅದನ್ನು ಅಂಗೈಯಲ್ಲಿ ತೂಗಿ "ಪ್ಲಾಸ್ಟಿಕ್" ಎಂದು ತೀರ್ಪು ಕೊಟ್ಟರು. ಅಂದಿನಿಂದ ಮಾವ ಏನೇ ತರಲಿ, ಸೋರೆಕಾಯಿ ಬಲಿತಿರಲಿ, ಛತ್ರಿಯ ಕಡ್ಡಿ ಮುರಿದಿರಲಿ, ಅತ್ತೆಯದು ಒಂದೇ ಮಾತು: "ಹವಳ ತಂದವರಲ್ಲವೇ ನೀವು!" ನಮ್ಮ ಮನೆಯಲ್ಲಿ ಅದು ಗಾದೆ. ನನ್ನ ಮಗಳು ಕೂಡ ಅಪ್ಪನಿಗೆ ಅದನ್ನೇ ಹೇಳುತ್ತಾಳೆ.

ಅತ್ತೆ ಮಲಗಿದ್ದ ಮಧ್ಯಾಹ್ನ ಸರ ತೆಗೆದು, ಕೊಂಡಿಯ ಪಕ್ಕದ ಮಣಿಯ ಮೇಲೆ ಒಂದೇ ಹನಿ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. "ನೊರೆ ಬಂತು! ಮಾವ, ನೊರೆ ಬಂತು!" ಎಂದು ನಾನು ಕಿರುಚಿದ್ದು ಕೇಳಿ, ಹಾಲು ಉಕ್ಕಿತೆಂದುಕೊಂಡು ಅತ್ತೆ ಅಡುಗೆಮನೆಗೆ ಓಡಿದರು. ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮತ್ತೆ ಕುಳಿತರು.

ಮಣಿಯನ್ನು ಒರೆಸಿದಾಗ ಹೊಳಪು ಹೋಗಿ ಒಂದು ಮಂಕು ಕಲೆ ಉಳಿದಿತ್ತು. ಅಸಲಿ ಎಂದು ತೋರಿಸಲು ಅದನ್ನು ಕೆಡಿಸಬೇಕಾದ ಪರೀಕ್ಷೆಯನ್ನು ಕಂಡುಹಿಡಿದವರು ಯಾರೋ! ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅತ್ತೆ ಸರವನ್ನು ಕೈಗೆತ್ತಿಕೊಂಡು, ನಲವತ್ತು ವರ್ಷದ ಆಸ್ತಿ ಯಾರೋ ಬರೆಸಿಕೊಂಡು ಹೋದವರ ಹಾಗೆ ಕುಳಿತುಬಿಟ್ಟರು.

ಮದುವೆಯ ಸರಕ್ಕೆ ಕಡೆಗೆ ಗಾರ್ನೆಟ್ ಗತಿಯಾಯಿತು. ದಾಳಿಂಬೆಯ ಲ್ಯಾಟಿನ್ ಹೆಸರಿನಿಂದ ಹುಟ್ಟಿದ ಹೆಸರು ಅದು, ಒಂದೊಂದೇ ಮಣಿಯನ್ನು ಕಿಟಕಿಗೆ ಹಿಡಿದರೆ ದಾಳಿಂಬೆ ಬೀಜವೇ. ನಾಲ್ಕು ಮಿಲಿಮೀಟರಿನ ಸಣ್ಣ ಮಣಿ, ತೂತು ಇನ್ನೂ ಸಣ್ಣದು. ಸೂಜಿ ಹೋಗದೆ ದಾರದ ತುದಿಗೆ ಉಗುರುಬಣ್ಣ ಹಚ್ಚಿ ಗಟ್ಟಿ ಮಾಡಿ, ಮೂರು ರಾತ್ರಿ ಪೋಣಿಸಿದೆ. ಒತ್ತೊತ್ತಾಗಿ ಪೋಣಿಸಿದ ಗಾರ್ನೆಟ್ ದೂರಕ್ಕೆ ಅಪ್ಪಟ ಕಪ್ಪಾಗಿ ಕಾಣುತ್ತದೆ ಎಂಬುದು ಮಂಟಪದಲ್ಲಿ ತಿಳಿಯಿತು. ಬೀಗರ ಕಡೆಯ ಹಿರಿಯರೊಬ್ಬರು ಹುಡುಗಿಯ ಕೊರಳನ್ನೇ ನೋಡಿ, "ಇನ್ನೂ ಧಾರೆಯೇ ಆಗಿಲ್ಲ, ಆಗಲೇ ಕರಿಮಣಿ ಕಟ್ಟಿಬಿಟ್ಟಿದ್ದೀರಲ್ಲ?" ಎಂದು ಕೇಳಿದರು. ಅದು ಕೆಂಪು ಎಂದು ಮನವರಿಕೆ ಮಾಡಲು ಫೋಟೋದವನ ದೀಪವನ್ನು ಕೇಳಿ ತರಬೇಕಾಯಿತು.

ಮದುವೆ ಮುಗಿದ ಮರುವಾರ ಮಾವ ಮಾರುಕಟ್ಟೆಯಿಂದ ಬದನೆಕಾಯಿ ತಂದರು. ಹೆಚ್ಚಿದರೆ ಎಲ್ಲಾ ಹುಳುಕು. ಅತ್ತೆ ಬಾಯಿ ತೆರೆದರು. "ಹವ..." ಎಂದವರು ನಿಲ್ಲಿಸಿ, ಬದನೆಕಾಯಿಯನ್ನೇ ದುರುಗುಟ್ಟಿ ನೋಡಿ, ಬಾಯಿ ಮುಚ್ಚಿದರು. ಮಾವ ಜಗಲಿಯಲ್ಲಿ ಪತ್ರಿಕೆ ಬಿಡಿಸಿದರು.

ನನಗೆ ಅಷ್ಟರಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ಹುಳಿಗೆ ನೊರೆ ಬಿಡುವುದು ಹವಳವೊಂದೇ ಅಲ್ಲ. ಬಣ್ಣ ಕಟ್ಟಿದ ಚಿಪ್ಪೂ ಬಿಡುತ್ತದೆ, ಅಮೃತಶಿಲೆಯೂ ಬಿಡುತ್ತದೆ. ಆ ಸರ ಪ್ಲಾಸ್ಟಿಕ್ ಅಲ್ಲ ಎಂಬಷ್ಟೇ ಖಚಿತ.

"ಏನಮ್ಮಾ, ನಿಂಬೆಹಣ್ಣಿಗೆ ನೊರೆ ಬರುವುದು ಹವಳಕ್ಕೆ ಮಾತ್ರ ತಾನೇ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

ಜಗಲಿಯಲ್ಲಿ ಪತ್ರಿಕೆಯ ಸದ್ದು ನಿಂತಿತು.

"ಹೂಂ ಅತ್ತೆ, ಹವಳಕ್ಕೆ ಮಾತ್ರ" ಎಂದು ಒಗ್ಗರಣೆಗೆ ಸಾಸಿವೆ ಹಾಕಿದೆ. ಸಾಸಿವೆ ಸಿಡಿಯುವ ಮೊದಲೇ, ಹೊರಗೆ ಪುಟ ಮಗುಚಿದ ಸದ್ದು ಕೇಳಿಸಿತು.