ವಿದ್ಯಾರ್ಹತೆ: ಇತರೆ

ಕಾನೂನು ಓದಿದವನು ಕೋರ್ಟಿಗೇ ಹೋಗಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೂ ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗಗಳು ಚಾಚೂ ತಪ್ಪದೆ ಪಾಲಿಸುವ ಶಾಸನವೊಂದಿದ್ದರೆ ಅದು ಇದೇ.

ತೀರ್ಪು ಅರ್ಜಿ ನಮೂನೆಯಲ್ಲೇ ಹೊರಬಿದ್ದಿರುತ್ತದೆ. ವಿದ್ಯಾರ್ಹತೆಯ ಪಟ್ಟಿಯಲ್ಲಿ ಬಿ.ಇ., ಬಿ.ಕಾಂ., ಬಿಬಿಎ ಎಲ್ಲ ಇರುತ್ತವೆ. ಐದು ವರ್ಷ ಬಿ.ಎ. ಎಲ್‌ಎಲ್‌ಬಿ ಓದಿದವನು ಕೆಳಗಿಳಿದು ಇಳಿದು ಕಡೆಗೆ ‘ಇತರೆ’ ಎಂಬಲ್ಲಿ ಹೆಬ್ಬೆಟ್ಟೊತ್ತಬೇಕು. ಇತರೆಯವರಿಗೆ ಉತ್ತರ ಬರೆಯುವ ಪದ್ಧತಿ ಇಲ್ಲ. ‘ನಿಮ್ಮ ಅರ್ಜಿ ತಲುಪಿದೆ, ಈ ಇಮೇಲ್‌ಗೆ ಉತ್ತರಿಸಬೇಡಿ’ ಎಂದು ಯಂತ್ರವೊಂದು ಬರೆಯುತ್ತದೆ; ಅಲ್ಲಿಗೆ ಮಾತುಕತೆ ಮುಗಿಯಿತು. ಸರ್ಕಾರಿ ಕಚೇರಿಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಹಿಡಿದು 30 ದಿನದೊಳಗೆ ಉತ್ತರ ಕೇಳಬಹುದಿತ್ತು. ಖಾಸಗಿ ಕಂಪನಿಯ ಮೌನಕ್ಕೆ ಮೇಲ್ಮನವಿಯೂ ಇಲ್ಲ.

ಕರಿಕೋಟೇ ಗತಿ ಎಂದು ವಾಪಸ್ ಹೋಗೋಣವೆಂದರೆ ಅಲ್ಲಿ ಗೌರವವೇ ಸಂಬಳ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸುತ್ತೋಲೆ ಹೊರಡಿಸಿತು. ಬರೀ ಶಿಫಾರಸು, ಗಾಬರಿ ಬೇಡ. ಅದೇ ಪರಿಷತ್ತಿನ 49ನೇ ನಿಯಮ ಮಾತ್ರ ಶಿಫಾರಸಲ್ಲ: ವಕೀಲಿಕೆ ಮಾಡುತ್ತಿರುವಷ್ಟು ದಿನ ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವಂತಿಲ್ಲ. ಇದನ್ನು ಕಂಪನಿಯವರೂ ಅರ್ಧಂಬರ್ಧ ಕೇಳಿಸಿಕೊಂಡಿದ್ದಾರೆ. ‘ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಅಮಾನತು ಮಾಡಿಸಿದ್ದೀರಾ?’ ಎಂದು ಕೇಳುತ್ತಾರೆ. ಇಲ್ಲ ಎಂದರೆ ‘ನಾಳೆ ಕೋರ್ಟಿಗೆ ಓಡಿಹೋಗುತ್ತೀರಿ’. ಹೌದು ಎಂದರೆ ‘ಅಯ್ಯೋ ಪಾಪ, ಅಲ್ಲಿ ನಡೆಯಲಿಲ್ಲವೇ?’

ನನ್ನ ಪರಿಚಯದ ಹುಡುಗನೊಬ್ಬ ಇಷ್ಟೆಲ್ಲ ದಾಟಿ, ತರಬೇತಿ ವಿಭಾಗದ ಕೆಲಸವೊಂದಕ್ಕೆ ನೇಮಕಾತಿ ಪತ್ರದ ತನಕ ತಲುಪಿದ್ದ. ಸಹಿ ಹಾಕಲು ಪೆನ್ನನ್ನೂ ಕೊಟ್ಟರು. ಎಲ್ಲರೂ ಕೊನೆಯ ಪುಟ ತಿರುಗಿಸಿ ಗೀಚುವ ಪತ್ರವನ್ನು ಈ ಪುಣ್ಯಾತ್ಮ ಮೊದಲ ಪುಟದಿಂದ ಓದತೊಡಗಿದ. ಕೊಟ್ಟ ಪೆನ್ನನ್ನು ಒಂದೊಂದು ಸಾಲಿನ ಕೆಳಗೂ ಸರಿಸುತ್ತಾ ಓದಿದ. ಎದುರಿಗಿದ್ದ ಎಚ್‌ಆರ್ ಮೇಡಂ ಎರಡು ಸಲ ಗಡಿಯಾರ ನೋಡಿಕೊಂಡರು.

‘ಮೇಡಂ, ಕೆಲಸ ಬಿಟ್ಟ ಮೇಲೂ ಎರಡು ವರ್ಷ ಇದೇ ವ್ಯವಹಾರದ ಬೇರೆ ಕಂಪನಿ ಸೇರುವಂತಿಲ್ಲ ಎಂದಿದೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಈ ಷರತ್ತು ಅನೂರ್ಜಿತ’ ಎಂದ. ಉಪಕಾರವೇ ಮಾಡುತ್ತಿದ್ದೇನೆಂದು ಅವನ ನಂಬಿಕೆ.

ಮೇಡಂ ಪತ್ರವನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು, ಪೆನ್ನನ್ನೂ. ‘ತಿದ್ದಿ ಕಳಿಸುತ್ತೇವೆ’ ಎಂದರು. ತಿದ್ದಿದ್ದು ಆಯ್ಕೆ ಪಟ್ಟಿಯನ್ನು ಎಂದು ತಿಳಿಯಲು ಅವನಿಗೆ ಬಹಳ ದಿನ ಹಿಡಿಯಿತು. ಎಷ್ಟು ಇಮೇಲ್ ಕಳಿಸಿದರೂ ಉತ್ತರವಿಲ್ಲ, ಫೋನ್ ಎತ್ತುವವರಿಲ್ಲ.

ಮೊನ್ನೆ ಆ ಕಚೇರಿಯಿಂದ ಅವರಾಗಿಯೇ ಫೋನ್ ಮಾಡಿದರು. ಬಿಟ್ಟುಹೋದ ನೌಕರನೊಬ್ಬ ವಕೀಲರ ಮೂಲಕ ನೋಟಿಸ್ ಕಳಿಸಿದ್ದಾನಂತೆ. ‘ಉತ್ತರ ಕೊಡದೆ ಸುಮ್ಮನಿದ್ದರೆ ಏನಾಗುತ್ತದೆ ಸರ್?’ ಎಂದು ಕೇಳಿದರು. ಇವನು ಫೀಸಿನ ಮಾತೆತ್ತಿದ. ‘ವಿಚಾರಿಸಿ ತಿಳಿಸುತ್ತೇವೆ’ ಎಂದು ಫೋನ್ ಇಟ್ಟರು.