ದೊಡ್ಡಪ್ಪನ ಕಾಲರ್ ಮೈಕು

ಪುಕ್ಕಟೆ ಕೆಲಸ ಮಾಡುವವರಿಗೆ ಬೈಯುವ ಹಾಗಿಲ್ಲ. ಕಿರುಚಿತ್ರ ಮಾಡಲು ಹೊರಡುವವರಿಗೆ ಲೆನ್ಸು, ಲೈಟು, ಎಡಿಟಿಂಗ್ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಪಾಠ ಸಿಗುತ್ತದೆ. ಇದೊಂದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಸೆಟ್ಟಿನಲ್ಲಿ ನಿರ್ದೇಶಕರು ಕೂಗಾಡುತ್ತಾರೆ ಅಂತ ಕೇಳಿದ್ದೇವಲ್ಲ, ಅದು ದುಡ್ಡು ಕೊಡುವ ಸೆಟ್ಟು. ಮನೆಯವರನ್ನೇ ಸೇರಿಸಿಕೊಂಡು ನಾನು ಮಾಡಿದ ಕಿರುಚಿತ್ರದಲ್ಲಿ ಕೊಡುತ್ತಿದ್ದದ್ದು ಅವಲಕ್ಕಿ, ಚಹಾ. ಅದನ್ನು ಕೊಡುತ್ತಿದ್ದವರೂ ಚಿಕ್ಕಮ್ಮ. ಹಾಗಾಗಿ ಬೈಯುವ ಹಕ್ಕಿದ್ದದ್ದು ಅವರೊಬ್ಬರಿಗೇ, ಅದನ್ನು ಚೆನ್ನಾಗಿಯೇ ಬಳಸಿಕೊಂಡರು.

1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತಮ್ಮ ಮೊದಲ ಸಿನಿಮಾ ತೆಗೆದದ್ದು ತಮ್ಮದೇ ಕಾರ್ಖಾನೆಯ ಬಾಗಿಲಲ್ಲಿ. ಕೆಲಸದವರು ಗೇಟಿನಿಂದ ಹೊರಗೆ ಬರುತ್ತಾರೆ, ಒಂದು ನಿಮಿಷವೂ ಇಲ್ಲ. ನಟಿಸಿದವರೆಲ್ಲ ಅವರ ಸಂಬಳಕ್ಕಿದ್ದವರು. ಆದರೂ ಅದನ್ನು ಮೂರು ಸಲ ತೆಗೆದರು. ಸಂಬಳ ಕೊಟ್ಟವರಿಗೇ ಆ ಗತಿ ಅಂದಮೇಲೆ, ಅವಲಕ್ಕಿ ನಂಬಿಕೊಂಡ ನಾನು ಯಾವ ಲೆಕ್ಕ?

ಕಥೆ ಏನು ಅಂತೀರಾ? ಎಲ್ಲ ಹವ್ಯಾಸಿ ಕಿರುಚಿತ್ರಗಳ ಕಥೆಯೇ. ಒಬ್ಬ ಮುದುಕ ಜಗುಲಿಯಲ್ಲಿ ಕೂತು ಪಟ್ಟಣದಲ್ಲಿರುವ ಮಗನಿಗೆ ಕಾಯುತ್ತಾನೆ. ಮಗ ಬರುವುದಿಲ್ಲ. ಬಂದರೆ ಇನ್ನೊಬ್ಬ ನಟ ಬೇಕಾಗುತ್ತದೆ.

ಜಾಗ, ಸಾಗರದ ಹತ್ತಿರದ ನಮ್ಮ ಹಳೆಯ ಮನೆ. ಮುದುಕನ ಪಾತ್ರಕ್ಕೆ ದೊಡ್ಡಪ್ಪ. ಅವರನ್ನು ಏನೂ ತಿಳಿಯದ ಹಳ್ಳಿಯ ಅಜ್ಜ ಅಂದುಕೊಂಡರೆ ಕೆಟ್ಟಿರಿ. ಹೆಗ್ಗೋಡು ನಮ್ಮಲ್ಲಿಂದ ದೂರವೇನಲ್ಲ. 1973ರಲ್ಲಿ ಅಲ್ಲಿನ ನಾಟಕ ಸಂಸ್ಥೆ ನೀನಾಸಂ, ಊರವರಿಗೆ ಸಿನಿಮಾ ತೋರಿಸುವ ಚಿತ್ರಸಮಾಜ ಶುರುಮಾಡಿತು. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಹೋಗಿ ಸತ್ಯಜಿತ್ ರಾಯ್, ಜಪಾನಿನ ಕುರೊಸಾವಾ ಸಿನಿಮಾ ನೋಡಿ ಬಂದ ಜನ ಇರುವ ಸೀಮೆ ಇದು. ನಾನು ಕಟ್ ಅಂದ ಕೂಡಲೇ ದೊಡ್ಡಪ್ಪ, “ಯಾಕೆ ಕಟ್ ಮಾಡ್ದೆ ಅಪ್ಪೀ? ಇನ್ನೂ ಸ್ವಲ್ಪ ಹೊತ್ತು ಬಿಡ್ಬೇಕಿತ್ತು” ಎನ್ನುತ್ತಿದ್ದರು. ಬಿಟ್ಟರೆ ಎಲೆಗೆ ಸುಣ್ಣ ಹಚ್ಚಲು ಶುರು ಮಾಡುತ್ತಿದ್ದರು.

ಕ್ಯಾಮೆರಾ ಭಾವನದ್ದು, ಹಾಗಾಗಿ ಕ್ಯಾಮೆರಾಮನ್ನೂ ಭಾವನೇ. ಅವರಿಗೆ ಶೂಟಿಂಗಿಗಿಂತ ಸೆಟ್ಟಿಂಗ್ ಮೇಲೆ ಪ್ರೀತಿ ಜಾಸ್ತಿ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದಕ್ಕೆ ಹೊಂದುವ ಹಾಗೆ ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡದಿದ್ದರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ. ಇದನ್ನು ಅವರು ದೊಡ್ಡಪ್ಪನಿಗೆ, ಚಿಕ್ಕಮ್ಮನಿಗೆ, ಹಾಲು ತರುವ ಹುಡುಗನಿಗೆ, ಎಲ್ಲರಿಗೂ ವಿವರಿಸಿದರು. ವಿವರಣೆ ಮುಗಿಯಿತು, ಶಟರ್ ಕೂತಿತು, ದೊಡ್ಡಪ್ಪನೂ ಕೂತರು. ಕರೆಂಟು ಹೋಯಿತು. “ಭಾವ, ಬೇಗ ಮಾಡಿ” ಅಂತ ಹೇಳೋಣ ಅಂತ ನನಗೆ ಅನ್ನಿಸಿತ್ತು. ಹೇಳಿದರೆ ಕ್ಯಾಮೆರಾ ಬೆಂಗಳೂರಿನ ಬಸ್ಸು ಹತ್ತುತ್ತದೆ. ಸುಮ್ನೆ ಥರ್ಮಾಕೋಲ್ ಶೀಟು ಹಿಡಿದು ಕಿಟಕಿಯ ಬೆಳಕನ್ನು ದೊಡ್ಡಪ್ಪನ ಮುಖಕ್ಕೆ ತಿರುಗಿಸಿದೆ. ಅವರು ಸೀನಿದರು.

ಶಬ್ದದ ಕಷ್ಟ ಇನ್ನೂ ದೊಡ್ಡದು. ಮನೆಯ ಸದ್ದು ನಮ್ಮ ಕಿವಿಗೆ ರೂಢಿಯಾಗಿರುತ್ತದೆ, ಮೈಕಿಗೆ ಆಗಿರುವುದಿಲ್ಲ. ಫ್ರಿಜ್ಜಿನ ಗುಂಯ್‌ಗುಡುವಿಕೆ ಕೂಡ ಸಂಭಾಷಣೆಯ ಕೆಳಗೆ ಬಂದು ಕೂತುಬಿಡುತ್ತದೆ. ಇದಕ್ಕೆ ಚಿತ್ರ ಮಾಡುವವರಲ್ಲಿ ಒಂದು ಉಪಾಯ ಇದೆ. ಫ್ರಿಜ್ ಆಫ್ ಮಾಡಿ, ಕಾರಿನ ಕೀಲಿಯನ್ನು ಅದರೊಳಗೇ ಇಡಬೇಕು. ಹೊರಡುವಾಗ ಕೀಲಿಗೆ ಹೋದವರಿಗೆ ಫ್ರಿಜ್ ಆನ್ ಮಾಡಬೇಕೆಂದು ನೆನಪಾಗುತ್ತದೆ. ಎಷ್ಟು ಚೆಂದದ ಉಪಾಯ, ಅಲ್ವಾ? ಆದರೆ ಮಜ್ಜಿಗೆ ತೆಗೆಯಲು ಹೋದ ಚಿಕ್ಕಮ್ಮ ಕೀಲಿ ನೋಡಿ, “ಈ ಹುಡುಗರಿಗೆ ತಲೆ ಕೆಟ್ಟಿದೆ” ಎಂದು ಅದನ್ನು ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಬೆಳಗ್ಗೆ ಹಾಲು ಒಡೆದಿತ್ತು. ದೋಸೆ ಹಿಟ್ಟು ಪಾತ್ರೆಯಿಂದ ಉಕ್ಕಿ, ಕೆಳಗಿನ ಖಾನೆಯ ಸೌತೆಕಾಯಿಯನ್ನೂ ಮುಳುಗಿಸಿ ಬಾಗಿಲವರೆಗೆ ಬಂದಿತ್ತು. ಆ ದಿನದ ಶೂಟಿಂಗು ಹುಳಿ ದೋಸೆ ಮತ್ತು ಚಿಕ್ಕಮ್ಮನ ಮೌನದ ಮೇಲೆ ನಡೆಯಿತು.

ಮೈಕು ಹಿಡಿಯುವ ಕೆಲಸ ಅಕ್ಕನ ಮಗನದು, ಪಿಯುಸಿ ಹುಡುಗ. ಮಾವಿನಕಾಯಿ ಕೊಯ್ಯುವ ದೋಟಿಯ ತುದಿಗೆ ಮೈಕು ಕಟ್ಟಿಕೊಟ್ಟಿದ್ದೆವು. ಮಾತು ಉದ್ದವಾದಂತೆ ದೋಟಿ ನಿಧಾನಕ್ಕೆ ಇಳಿದು ದೊಡ್ಡಪ್ಪನ ತಲೆ ತಟ್ಟುತ್ತಿತ್ತು. “ಕೈ ನೋಯ್ತದೆ ಮಾವ” ಎನ್ನುತ್ತಿದ್ದ, ಪಾಪ. ಕೊನೆಗೆ ಭಾವ ಎಲ್ಲಿಂದಲೋ ಕಾಲರ್ ಮೈಕು ತರಿಸಿ ದೊಡ್ಡಪ್ಪನ ಅಂಗಿಗೆ ಸಿಕ್ಕಿಸಿದರು.

ಎಲ್ಲರಿಗೂ ರಜೆ ಇರುವುದು ಶನಿವಾರ, ಭಾನುವಾರ. ಕೊಯ್ಲಿನ ಕಾಲ ಬೇರೆ. ಒಂದು ಶಾಟಿನಲ್ಲಿ ಕಂಡದ್ದು ಮುಂದಿನ ಶಾಟಿನಲ್ಲೂ ಹಾಗೇ ಇರಬೇಕು, ಅದಕ್ಕೆ ಕಂಟಿನ್ಯೂಟಿ ಅನ್ನುತ್ತಾರೆ. ಅಡಿಕೆ ಯಾರ ಕಂಟಿನ್ಯೂಟಿಗೂ ಕಾಯುವುದಿಲ್ಲ. ಮುದುಕ ಹೊಸ್ತಿಲು ದಾಟುವಾಗ ಅಂಗಳದಲ್ಲಿ ಹಸಿ ಅಡಿಕೆ ಗೊನೆಗಳ ರಾಶಿ ಇದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಸುಲಿದು, ಬೆಂದು, ಒಣಗಿ ಕೆಂಪಡಿಕೆಯಾಗಿದೆ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ದೊಡ್ಡಪ್ಪ ಮಾತ್ರ, “ಒಳ್ಳೇದೇ ಆಯ್ತು, ಕಾಲ ಸರಿದದ್ದು ತೋರಿಸಿದ ಹಾಗಾಯ್ತು” ಎಂದರು. ಹಾಳಾದ್ದು, ಅದು ನನಗೆ ಹೊಳೆದಿರಲಿಲ್ಲ.

ಆವತ್ತು ಸಂಜೆ ಕಟ್ ಆದಮೇಲೆ ದೊಡ್ಡಪ್ಪ ಕೊಟ್ಟಿಗೆಯ ಕಡೆ ಹೋದರು. ಮೈಕು ಅಂಗಿಯಲ್ಲೇ ಇತ್ತು. ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗ ಕಣ್ಣರಳಿಸಿ ನನ್ನನ್ನು ಕರೆದ. ಪಕ್ಕದ ಮನೆಯವರ ಜೊತೆ ಮಾತು ನಡೆದಿತ್ತು. “ಆ ಹುಡುಗನಿಗೆ ಏನೂ ಗೊತ್ತಾಗೋದಿಲ್ಲ ಮಾರಾಯ. ಬೆಂಗಳೂರಿಗೆ ಹೋಗಿ ಹಾಳಾದ. ಕಾದು ಕಾದು ನನ್ನ ಸೊಂಟ ಹೋಯ್ತು. ಆದ್ರೂ ಬಿಡೋಕಾಗತ್ತಾ? ನಮ್ಮವನೇ ಅಲ್ವಾ.”

ನಾನು ಬರೆದುಕೊಟ್ಟ ಮಾತುಗಳನ್ನು ಅವರು ರೇಷನ್ ಕಾರ್ಡ್ ಓದಿದ ಹಾಗೆ ಹೇಳಿದ್ದರು. ಎಡಿಟಿಂಗಿನಲ್ಲಿ ಅವನ್ನೆಲ್ಲ ತೆಗೆದು, ಖಾಲಿ ಜಗುಲಿಯ ದೃಶ್ಯದ ಮೇಲೆ ಇದನ್ನೇ ಕೂರಿಸಿದೆವು. ಮನೆಯಲ್ಲಿ ಬಿಳಿ ಪಂಚೆ ಕಟ್ಟಿ ಎಲ್ಲರಿಗೂ ತೋರಿಸಿದಾಗ ಆ ಜಾಗದಲ್ಲಿ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಚಿಕ್ಕಮ್ಮ ಫ್ರಿಜ್ಜಿನ ವಿಷಯ ಮರೆತ ಹಾಗೆ ಕಂಡಿತು.

ದೊಡ್ಡಪ್ಪ ಎಲೆ ಅಡಿಕೆ ಉಗಿದು ಬಂದು ಕೇಳಿದರು. “ಆ ಕೊನೇ ಡೈಲಾಗು ಯಾರು ಬರೆದದ್ದು ಅಪ್ಪೀ? ಅದೊಂದು ಚೆನ್ನಾಗಿತ್ತು.”